ಎಡಗಾಲು ಮೊದಲು

"ಇನ್ನೊಂಚೂರು ಬಿಗಿ ಕಟ್ಟಪಾ ಮಲ್ಲೇಶಿ. ತಲಿ ಮತ್ತ ವಾಲಾಕತ್ತೈತಿ."

ಚೆನ್ನಬಸಮ್ಮ ಈ ಮಾತು ಹೇಳಿದ್ದು ಬೆಳಗಿನಿಂದ ನಾಲ್ಕನೆಯ ಸಲ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ತಮ್ಮನ ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ, ತುದಿಗಳನ್ನು ಎರಡು ಮೊಳೆಗಳಿಗೆ ಎಳೆದು ಕಟ್ಟಿದ್ದರೂ ತಲೆ ಮೆಲ್ಲಗೆ ಎಡಕ್ಕೆ ಜಾರುತ್ತಿತ್ತು. ಮಲ್ಲೇಶ ಗಂಟು ಬಿಚ್ಚಿ ಮತ್ತೆ ಬಿಗಿದ. ಅಪ್ಪನ ಮುಖವನ್ನು ಅಷ್ಟು ಹತ್ತಿರದಿಂದ ನೋಡಲಾರದೆ ಕಣ್ಣನ್ನು ಮೊಳೆಯ ಮೇಲೆಯೇ ಇಟ್ಟಿದ್ದ.

"ಜೀವ ಇದ್ದಾಗೂ ಹಂಗಾ ನನ್ನ ತಮ್ಮ. ಹೇಳಿದ ಕಡಿ ನಿಲ್ತಿದ್ದಿಲ್ಲ," ಎಂದು ಚೆನ್ನಬಸಮ್ಮ ಸುತ್ತ ಕುಳಿತ ಹೆಂಗಸರತ್ತ ತಿರುಗಿದಳು. ಅವಳು ಕಂಪ್ಲಿಯಲ್ಲಿ ರೈಸ್ ಮಿಲ್ ಇರುವ ಮನೆಯ ಯಜಮಾನಿ. ಮಲ್ಲೇಶ ಆ ಮಿಲ್ಲಿನಲ್ಲೇ ಕೆಲಸಕ್ಕಿದ್ದ. ಹಾಗಾಗಿ ಹೊಸಪೇಟೆಯ ಈ ಪುಟ್ಟ ಮನೆಯಲ್ಲಿ ಯಾರು ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಹತ್ತು ವರ್ಷದಿಂದ ಕಂಪ್ಲಿಯಲ್ಲಿಯೇ ತೀರ್ಮಾನವಾಗುತ್ತಿತ್ತು. ಹೆಣದ ತಲೆ ಎತ್ತ ವಾಲಬೇಕೆಂಬುದೂ ಈಗ ಅವಳಿಗೇ ಸೇರಿದ ವಿಷಯವಾಗಿತ್ತು.

ಪಂಪಮ್ಮ ಗಂಡನ ಕಾಲ ಬುಡದಲ್ಲಿ ಕುಳಿತಿದ್ದಳು. ನಲವತ್ತೊಂದು ವರ್ಷ ಜೊತೆಗೆ ಬಾಳಿದ ಉಜ್ಜಿನಪ್ಪ ನಿನ್ನೆ ಸಂಜೆ ಹೋಗಿದ್ದ. ಅವಳ ಕಣ್ಣಿಂದ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಬಂದ ಜನ ಅದನ್ನು ಗಮನಿಸುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಗಮನಿಸಲಿ. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಹೇಳದೆ ಕೇಳದೆ ಹೋದ ಗಂಡನ ಮೇಲೆ ಬಂದಿತ್ತು, ಮನೆಗೆ ಬಂದು ಯಜಮಾನಿಕೆ ಮಾಡುವ ನಾದಿನಿಯ ಮೇಲೆ ಬಂದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಬಾಗಿಲ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅಳುತ್ತಿದ್ದ ಎದುರು ಮನೆಯ ಉಚ್ಚೆಂಗಮ್ಮನ ಮೇಲೆ ಬಂದಿತ್ತು.

ಉಚ್ಚೆಂಗಮ್ಮ ಅಳುವುದರ ನಡುವೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಪಿಸುಮಾತೇ, ಆದರೆ ಮನೆ ಅಷ್ಟು ದೊಡ್ಡದಲ್ಲ.

"ಆ ಡ್ಯಾನ್ಸ್ ಕ್ಲಾಸಿನ ಮಾತು ಬಂದಾಗಿಂದ ಮುದುಕ ತಲಿ ಎತ್ತಿ ನಡೀಲಿಲ್ಲ ಬಿಡ್ರಿ. ಮಾನಕ್ಕ ಅಂಜಿ ಎದಿ ಒಡಕೊಂಡ."

"ಯಾವ ಮಾತು?"

"ಗೊತ್ತಿಲ್ಲೇನು ನಿಮಗ? ಸಣ್ಣ ಹುಡುಗೇರು ಕುಣಿಯೋದನ್ನ ದಿನಾ ಕಿಟಕ್ಯಾಗ ನಿಂತು..."

ಪಂಪಮ್ಮ ತಲೆ ಎತ್ತಿ ನೋಡಿದಳು. ಉಚ್ಚೆಂಗಮ್ಮ ಮಾತು ನುಂಗಿಕೊಂಡು ಮತ್ತೆ ಅಳತೊಡಗಿದಳು.

*

ಅದು ಶುರುವಾಗಿದ್ದು ಜೂನ್ ತಿಂಗಳಲ್ಲಿ. ಏಳು ವರ್ಷದ ಮೊಮ್ಮಗಳು ಕಾವ್ಯ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಸುದ್ದಿ ಹೇಳಿದ್ದಳು. ಅವಳ ಇಬ್ಬರು ಗೆಳತಿಯರು ಗಾಯತ್ರಿ ಮೇಡಂ ಹತ್ತಿರ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದಾರೆ. ಭರತನಾಟ್ಯವಂತೆ. ಆಮೇಲೆ ಗೆಜ್ಜೆ ಕೂಡ ಕಟ್ಟಿಸುತ್ತಾರಂತೆ. ತಾನೂ ಹೋಗಬೇಕು.

ತಾಯಿ ಹೇಮಾ ಗಂಡನ ಮುಖ ನೋಡಿದಳು. ಮಲ್ಲೇಶ ಫೋನಿನ ಮುಖ ನೋಡಿದ. ಫೋನು ಕಂಪ್ಲಿಗೆ ಹೋಯಿತು, ಸ್ಪೀಕರಿನಲ್ಲಿ ತೀರ್ಪು ಬಂತು.

"ನಮ್ಮ ಮನಿ ಹೆಣ್ಮಗು ಗೆಜ್ಜಿ ಕಟ್ಟಿ ಮಂದಿ ಮುಂದ ಕುಣಿಯೋದಾ? ನಾಳಿ ಬೀಗರು ಕೇಳಿದ್ರ ಏನ್ ಹೇಳ್ತೀರಿ? ಸುಮ್ನ ಟ್ಯೂಷನ್ನಿಗೆ ಹಾಕ್ರಿ."

ಉಜ್ಜಿನಪ್ಪ ಮಂಚದ ಮೇಲಿಂದ ಕೇಳಿದ, "ಏಳು ವರ್ಷದ ಕೂಸಿಗೆ ಯಾವ ಬೀಗರು?"

ಪಂಪಮ್ಮ ಆಗ ಏನು ಹೇಳಿದ್ದಳೋ ಅದು ಇವತ್ತು ಅವಳಿಗೆ ಅಕ್ಷರ ಬಿಡದಂತೆ ನೆನಪಿತ್ತು. "ದೊಡ್ಡೋರು ಬ್ಯಾಡ ಅಂದಮ್ಯಾಲೆ ಬ್ಯಾಡ. ನೀವು ಅಕಿನ್ನ ತಲಿ ಮ್ಯಾಲೆ ಕುಂದ್ರಿಸ್ಕೊಬ್ಯಾಡ್ರಿ," ಎಂದಿದ್ದಳು. ಕಾವ್ಯ ಅವತ್ತು ಊಟ ಮಾಡದೆ ಮಲಗಿದಳು. ಉಜ್ಜಿನಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಅವನು ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ತೂಬು ಏರಿಸಿ ಇಳಿಸುವ ಕೆಲಸ ಮಾಡಿದವನು. ಕಬ್ಬಿಣದ ಗಾಲಿ ತಿರುಗಿಸುತ್ತ ಸುತ್ತುಗಳನ್ನು ಬಾಯಿಬಿಟ್ಟು ಎಣಿಸಬೇಕು. ಒಂದು ಸುತ್ತು ಹೆಚ್ಚಾದರೆ ಯಾರದೋ ಗದ್ದೆ ಮುಳುಗುತ್ತದೆ, ಒಂದು ಕಡಿಮೆಯಾದರೆ ಯಾರದೋ ಪೈರು ಒಣಗುತ್ತದೆ. ರಿಟೈರಾದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಮೆಟ್ಟಿಲು ಎಣಿಸುತ್ತ ಹತ್ತುತ್ತಿದ್ದ, ರೊಟ್ಟಿ ತಟ್ಟುವ ಸದ್ದನ್ನೂ ಎಣಿಸುತ್ತಿದ್ದ.

ಆದ್ದರಿಂದ ಮಳೆಗಾಲದ ಸಂಜೆಗಳಲ್ಲಿ ಮಾಳಿಗೆಯಿಂದ "ಒಂದು, ಎರಡು, ಮೂರು, ನಾಲ್ಕು" ಎಂದು ಕೇಳಿದಾಗ ಪಂಪಮ್ಮ ಅಡುಗೆ ಮನೆಯಲ್ಲಿ ನಕ್ಕು ಸುಮ್ಮನಾಗಿದ್ದಳು. ಮೊಮ್ಮಗಳೂ ಜೊತೆಗಿರುತ್ತಿದ್ದಳು, ಮಗ್ಗಿ ಕಲಿಸುತ್ತಿರಬಹುದು ಎಂದುಕೊಂಡಿದ್ದಳು. ಒಮ್ಮೆ ಮೆಣಸಿನಕಾಯಿ ಒಣಹಾಕಲು ಹೋದಾಗ ಮಾಳಿಗೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಜ್ಜೆಗಳು ಕಂಡವು. ಗೋಕುಲಾಷ್ಟಮಿ ಮುಗಿದು ವಾರವಾಗಿದೆ, ಇನ್ನೂ ಕೃಷ್ಣನ ಹೆಜ್ಜೆ ಯಾಕೆ ಎಂದು ಗೊಣಗಿ ಒಂದು ಬಕೆಟ್ ನೀರು ಸುರಿದು ತಿಕ್ಕಿ ತೊಳೆದಿದ್ದಳು. ಮರುದಿನ ಹೆಜ್ಜೆಗಳು ಮತ್ತೆ ಅಲ್ಲಿಯೇ ಮೂಡಿದ್ದವು.

*

ಹತ್ತು ಗಂಟೆಗೆ ಭಜನೆಯವರು ಬಂದರು. ಇಬ್ಬರು ಹಾರ್ಮೋನಿಯಂ, ದಮ್ಮಡಿ ಹಿಡಿದು ಹೆಣದ ಎದುರಿಗೆ ಕುಳಿತರು, ಮೂರನೆಯವನು ತಾಳ ತೆಗೆದ. ತಾಳದ ಸದ್ದು ಮನೆ ತುಂಬಿತು.

ಕಾವ್ಯ ಅಲ್ಲಿಯವರೆಗೆ ತಾತನ ಪಕ್ಕದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ತಾಳ ಶುರುವಾದ ಸ್ವಲ್ಪ ಹೊತ್ತಿಗೆ ಅವಳ ಮೊಣಕಾಲು ತುಸುವೇ ಬಾಗಿತು. ಎಡಗಾಲು ಎದ್ದು ನೆಲ ತಟ್ಟಿತು. ಆಮೇಲೆ ಬಲಗಾಲು. ಮತ್ತೆ ಎಡಗಾಲು. ಕುಣಿಯುತ್ತಿದ್ದೇನೆಂಬ ಅರಿವು ಅವಳಿಗೇ ಇದ್ದಂತಿರಲಿಲ್ಲ. ಕಣ್ಣು ತಾತನ ಮೇಲೆಯೇ ಇತ್ತು.

ಚೆನ್ನಬಸಮ್ಮ ಎದ್ದು ಬಂದವಳೇ ಮಗುವಿನ ರಟ್ಟೆ ಹಿಡಿದು ಬೆನ್ನಿಗೊಂದು ಬಾರಿಸಿದಳು.

"ಹೆಣದ ಮುಂದ ಕುಣಿತಾಳ ನೋಡ್ರಿ. ಹೇಮಾ, ಇದನ್ನಾ ಏನು ನೀನು ಕಲಿಸಿದ್ದು?"

ಹೇಮಾ ಓಡಿ ಬಂದು ಮಗಳನ್ನು ಎಳೆದುಕೊಂಡಳು. ಮಲ್ಲೇಶ ಮೊಳೆ ನೋಡುತ್ತ ನಿಂತ. ಪಂಪಮ್ಮನೇ ಎದ್ದು ಮಗುವನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಬೈಯಬೇಕೆಂದೇ ಕರೆದುಕೊಂಡು ಹೋಗಿದ್ದು. ಮಗುವಿನ ಬೆನ್ನಿನ ಮೇಲೆ ಬೆರಳ ಗುರುತು ಕಂಡಾಗ ಬೈಯುವುದನ್ನು ಬಿಟ್ಟು ಬೆನ್ನು ಸವರಿದಳು.

"ಕಾಲು ಹಂಗ ಬಡಿಯೋದು ಯಾರು ಹೇಳ್ಕೊಟ್ರು ನಿನಗ?"

ಕಾವ್ಯ ತಲೆ ಅಲ್ಲಾಡಿಸಿದಳು.

"ಹೇಳವ್ವ. ಬೈಯಂಗಿಲ್ಲ."

"ತಾತ ಯಾರಿಗೂ ಹೇಳಬ್ಯಾಡ ಅಂದಾನ. ತಾನಾ ಹೇಳ್ತೀನಿ ಅಂದಾನ."

"ತಾತ ಇನ್ನ ಹೇಳಂಗಿಲ್ಲವ್ವ."

ಕಾವ್ಯ ಇದನ್ನು ಯೋಚಿಸಿದಳು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಮುದುಕನ ಹಟವೇ ಈ ಮಗುವಿಗೂ ಬಂದಿದೆ ಎಂದು ಪಂಪಮ್ಮನಿಗೆ ಸಿಟ್ಟು ಬಂತು.

*

ಉಚ್ಚೆಂಗಮ್ಮ ಆ ಮಾತು ತಂದಿದ್ದು ಎಂಟು ದಿನದ ಹಿಂದೆ, ನಲ್ಲಿಯ ಹತ್ತಿರ. "ಹೇಳಬಾರ್ದು ಅಂತ ಮಾಡಿದ್ದೆ" ಎಂದೇ ಶುರು ಮಾಡಿ ಒಂದನ್ನೂ ಬಿಡದೆ ಹೇಳಿದ್ದಳು. ಡ್ಯಾನ್ಸ್ ಕ್ಲಾಸಿನ ಹಿಂದಿನ ಓಣಿಯ ಕಿಟಕಿಯಲ್ಲಿ ಒಬ್ಬ ಮುದುಕ ತಿಂಗಳುಗಟ್ಟಲೆ ನಿಂತು ಹುಡುಗಿಯರನ್ನು ನೋಡುತ್ತಿದ್ದನಂತೆ. ತಾಯಂದಿರಿಬ್ಬರು ಗಲಾಟೆ ಮಾಡಿದರಂತೆ. ಯಾರದೋ ಅಪ್ಪ ಬಂದು ಕೊರಳಪಟ್ಟಿ ಹಿಡಿದು ಓಣಿಯ ತುದಿಯವರೆಗೆ ನೂಕಿದನಂತೆ. "ಯಾರು ಅಂತ ನೋಡಿದ್ರ ನಿಮ್ಮ ಯಜಮಾನ್ರು," ಎಂದಳು.

ಅವತ್ತು ಊಟಕ್ಕೆ ಕುಳಿತಾಗ ಪಂಪಮ್ಮ ಕೇಳಿಯೇಬಿಟ್ಟಳು.

"ಆ ಕ್ಲಾಸಿನ ಕಿಟಕ್ಯಾಗ ನಿಂತಿದ್ರೇನು?"

"ನಿಂತಿದ್ದೆ."

"ದಿನಾ?"

"ವಾರಕ್ಕ ಮೂರು ದಿನ. ಕ್ಲಾಸು ಇರೋದಾ ಮೂರು ದಿನ."

"ಯಾಕ?"

ಉಜ್ಜಿನಪ್ಪ ಎದುರಿಗೆ ಕುಳಿತಿದ್ದ ಕಾವ್ಯಳನ್ನು ನೋಡಿದ. ಮಗು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳ ಪಕ್ಕದಲ್ಲಿ, ಎಲ್ಲವನ್ನೂ ಕಂಪ್ಲಿಗೆ ಫೋನು ಮಾಡಿ ಕೇಳುವ ಮಲ್ಲೇಶ ಕುಳಿತಿದ್ದ.

"ನೋಡಾಕ," ಎಂದ ಉಜ್ಜಿನಪ್ಪ. ಆಮೇಲೆ ಹೆಂಡತಿಯನ್ನು ಕೇಳಿದ, "ನೀನೂ ಹಂಗಾ ತಿಳ್ಕಂಡ್ಯಾ?"

ಅವಳು ರೊಟ್ಟಿಯ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಎದ್ದು ಹೋದಳು.

ಅಂದಿನಿಂದ ಮಾತು ನಿಂತಿತು. ತಟ್ಟೆ ಇಡುವಳು, ಸದ್ದು ಮಾಡಿ ಇಡುವಳು. ನಲವತ್ತೊಂದು ವರ್ಷ ಆ ಮನುಷ್ಯನ ಪಕ್ಕದಲ್ಲಿ ಮಲಗಿ ಎದ್ದವಳು, ಅವನು ಎಂಥವನೆಂದು ಓಣಿಯವರಿಂದ ತಿಳಿದುಕೊಂಡಿದ್ದಳು. ನಿನ್ನೆ ಆಯುಧಪೂಜೆ. ಉಜ್ಜಿನಪ್ಪ ಸೈಕಲ್ಲು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಬಂದು ಮಂಚದ ಮೇಲೆ ಕುಳಿತ.

"ಪಂಪೀ, ಒಂದೀಟು ನೀರು ಕೊಡು."

ಲೋಟ ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು, ಕೈಗೆ ಕೊಡಲಿಲ್ಲ. ತಿರುಗಿ ಹೊರಟಾಗ ಹಿಂದಿನಿಂದ ಅವನ ಮಾತು ಕೇಳಿತು. "ನಾಳಿ ನಿನಗ ಒಂದು ಹೇಳೋದೈತಿ. ಕೇಳ್ತೀಯೇನು?" ಅವಳು ಕೇಳಿಸಿಕೊಂಡೂ ಒಳಗೆ ಹೋದಳು. ದೀಪ ಹಚ್ಚಿ ಬರುವಷ್ಟರಲ್ಲಿ ಅವನು ಗೋಡೆಗೆ ಒರಗಿದವನು ಒರಗಿದಂತೆಯೇ ಇದ್ದ. ಲೋಟದ ನೀರು ಕಂಠಮಟ್ಟ ಹಾಗೇ ಇತ್ತು.

*

ಹನ್ನೊಂದರ ಸುಮಾರಿಗೆ ಹತ್ತಿಸೀರೆ ಉಟ್ಟ ಹೆಂಗಸೊಬ್ಬಳು ಒಂದು ಮೊಳ ಹೂ ಹಿಡಿದು ಬಾಗಿಲಲ್ಲಿ ನಿಂತಳು. ನಲವತ್ತರ ಆಸುಪಾಸು. ಉಚ್ಚೆಂಗಮ್ಮನ ಅಳು ಥಟ್ಟನೆ ನಿಂತಿತು. ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

"ಯಾರಮ್ಮ ನೀನು?" ಎಂದಳು ಚೆನ್ನಬಸಮ್ಮ.

"ಗಾಯತ್ರಿ ಅಂತ್ರಿ. ಡ್ಯಾನ್ಸ್ ಕ್ಲಾಸ್ ನಡಸ್ತೀನಿ."

ಭಜನೆಯವರೂ ಹಾಡು ನಿಲ್ಲಿಸಿದರು. ಪಂಪಮ್ಮ ಎದ್ದು ನಿಂತಳು. ಬೆಳಗಿನಿಂದ ಯಾರ ಮೇಲೆ ಸುರಿಯಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಸಿಟ್ಟಿಗೆ ಈಗ ಒಂದು ಮುಖ ಸಿಕ್ಕಿತು.

"ಏನು ನೋಡಾಕ ಬಂದ್ರಿ ಮೇಡಂ? ನಮ್ಮ ಮನಿಗೂ ಕಿಟಕಿ ಐತಿ. ಹೊರಗ ನಿಂತು ನೋಡ್ಬೇಕಿತ್ತು. ಒಳಗ ಯಾಕ ಬಂದ್ರಿ?"

"ಅವ್ವ," ಎಂದ ಮಲ್ಲೇಶ.

"ನೀನು ಸುಮ್ನಿರು. ಅರವತ್ತಾರು ವರ್ಷದ ಮನುಷ್ಯಾನ್ನ ಕೊರಳಪಟ್ಟಿ ಹಿಡಿದು ನೂಕಿಸ್ಯಾರ. ಎಂಟು ದಿನದಾಗ ಸತ್ತಾನ. ಈಗ ಹೂ ತಂದಾರ."

ಗಾಯತ್ರಿ ಹೂವನ್ನು ಹೆಣದ ಪಾದಕ್ಕಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತಿರುಗಿ ಪಂಪಮ್ಮನ ಎದುರಿಗೇ ನಿಂತಳು.

"ಬೈರಿ ಅಮ್ಮಾ. ಬೈಸ್ಕೊಳ್ಳಾಕ ಬಂದೀನಿ. ಅವತ್ತು ನಾನು ಒಳಗ ತಾಳಕ್ಕ ಕೋಲು ತಟ್ಕೋತ ಕುಂತಿದ್ದೆ. ಹಿಂದಿನ ಓಣ್ಯಾಗ ಗದ್ದಲ ಕೇಳಿಸ್ತು. ಎದ್ದು ಬಂದು ಏನು ಅಂತ ಕೇಳ್ಬೇಕಿತ್ತು. ಕೇಳಲಿಲ್ಲ. ನೂಕಿದ್ದು ಒಳ್ಳೇದಾತು ಅಂತಾನೂ ಅಂದ್ಕೊಂಡೆ."

ಗಾಯತ್ರಿ ಸೆರಗು ಸರಿಪಡಿಸಿಕೊಂಡು ಮುಂದುವರಿಸಿದಳು.

"ಮರುದಿನ ಅವ್ರು ಮುಂಬಾಗ್ಲಿಗೆ ಬಂದ್ರು. ಚಪ್ಪಲಿ ಬಿಟ್ಟು, ಟವೆಲ್ ಕೈಯಾಗ ಹಿಡ್ಕೊಂಡು. 'ತಾಯಿ, ನಾನು ನಿಮ್ಮ ಹುಡುಗೇರನ್ನ ನೋಡಾಕ ಬರ್ತಿದ್ದಿಲ್ಲ, ಅವರ ಹೆಜ್ಜಿ ನೋಡಾಕ ಬರ್ತಿದ್ದೆ. ನಮ್ಮ ಮೊಮ್ಮಗಳನ್ನ ಮನ್ಯಾಗ ಕ್ಲಾಸಿಗೆ ಕಳ್ಸಂಗಿಲ್ಲ ಅಂದಾರ. ಅದಕ್ಕ ನಾನು ಕಲ್ತು ಹೋಗಿ ಅಕಿಗೆ ಹೇಳ್ಕೊಡ್ತೀನಿ' ಅಂದ್ರು. ನಾನು ನಂಬಲಿಲ್ಲ. ಹಂಗಾದ್ರ ಮಾಡಿ ತೋರಿಸ್ರಿ ಅಂದೆ."

"ತೋರ್ಸಿದ್ನಾ?" ಎಂದು ಕೇಳಿದವನು ಮಲ್ಲೇಶ.

"ಪಂಚಿ ಎತ್ತಿ ಕಟ್ಟಿದ್ರು. ಬಾಗ್ಲಾಗ ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗ ಮಾಡಿ ನಿಂತು ಎಂಟು ಹೆಜ್ಜಿ ಪೂರಾ ಮಾಡಿದ್ರು. ಬಾಯಾಗ ಎಣಿಸ್ಕೋತ. ವರ್ಷ ಕಲ್ತ ಮಕ್ಕಳಿಗೂ ತಾಳ ತಪ್ಪತೈತಿ, ಅವ್ರದು ಒಂದೂ ತಪ್ಪಲಿಲ್ಲ. ಕಾಲು ಮಾತ್ರ ಎಲ್ಲಾ ತಿರುವುಮುರುವು. ಬಲಗಾಲಿಂದ ಶುರು ಮಾಡೋದು, ಅವ್ರು ಎಡಗಾಲಿಂದ ಶುರು ಮಾಡಿದ್ರು."

ಗಾಯತ್ರಿ ಕೈ ಎತ್ತಿ ತನ್ನ ಬೆನ್ನ ಹಿಂದಕ್ಕೆ ತೋರಿಸಿದಳು.

"ಆ ಕಿಟಕಿ ನನ್ನ ಬೆನ್ನ ಹಿಂದ ಐತ್ರಿ. ಮಕ್ಕಳು ಅದಕ್ಕ ಮುಖ ಮಾಡಿ ನಿಂತಿರ್ತಾರ. ಅವರ ಬಲಗಾಲು ಹೊರಗ ನಿಂತೋರಿಗೆ ಎಡಕ್ಕ ಕಾಣತೈತಿ. ಇವ್ರು ಕಂಡಂಗ ಕಲ್ತಿದ್ರು. ಹಂಗಂತ ಹೇಳಿ ನಾನು ನಕ್ಕುಬಿಟ್ಟೆ. ಅವ್ರ ಮುಖ ಸಣ್ಣದಾತು. ಹಿಂದಿನ ದಿನ ನೂಕಿಸ್ಕೊಂಡದ್ದಕ್ಕ ಏನೂ ಅಂದಿದ್ದಿಲ್ಲ, ಇದಕ್ಕ ಕಣ್ಣಾಗ ನೀರು ತಂದ್ರು. 'ಮೂರು ತಿಂಗಳಿಂದ ಕೂಸಿಗೆ ತಪ್ಪು ಕಲಿಸೀನೇನ್ರಿ' ಅಂದ್ರು."

ಪಡಸಾಲೆಯಲ್ಲಿ ಯಾರೋ ಮೂಗು ಸೀಟಿದರು.

"ವಿಜಯದಶಮಿ ದಿನ ಅಕಿ ಹೆಸರು ಹಚ್ಕೊಳ್ರಿ, ಮನ್ಯಾಗ ನಾನು ಹೇಳಿ ಕರ್ಕೊಂಡು ಬರ್ತೀನಿ ಅಂದು ಹೋದ್ರು. ಗೇಟಿನ ತನಕ ಹೋದೋರು ಮತ್ತ ವಾಪಸ್ ಬಂದ್ರು. 'ಅಕಿ ಎಡಗಾಲಿಂದ ಶುರು ಮಾಡಿದ್ರ ಅಕಿನ್ನ ಬೈಬ್ಯಾಡ್ರಿ ತಾಯಿ. ತಪ್ಪು ನಂದು' ಅಂದ್ರು. ಅದನ್ನ ಹೇಳಾಕ ಬಂದೆ ಅಮ್ಮಾ. ವಿಜಯದಶಮಿ ಇವತ್ತಾ."

ಒಳಗಿನ ಬಾಗಿಲಲ್ಲಿ ಕಾವ್ಯ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ಎಡಗಾಲು ತಪ್ಪಾ, ಮಿಸ್?" ಎಂದು ಕೇಳಿದಳು.

ಗಾಯತ್ರಿ ಹತ್ತಿರ ಹೋಗಿ ಮಗುವಿನ ತಲೆ ಸವರಿದಳು.

ಪಂಪಮ್ಮ ಯಾರಿಗೂ ಏನೂ ಹೇಳದೆ ಮಾಳಿಗೆಯ ಮೆಟ್ಟಿಲು ಹತ್ತಿದಳು. ನೆಲದ ಮೇಲೆ ಸೀಮೆಸುಣ್ಣದ ಹೆಜ್ಜೆಗಳಿದ್ದವು. ದೊಡ್ಡದೊಂದು ಜೋಡಿ, ಪಕ್ಕದಲ್ಲಿ ಸಣ್ಣದೊಂದು ಜೋಡಿ. ಎರಡರಲ್ಲೂ ಎಡಗಾಲಿನ ಒಳಗೆ ದುಂಡಗೆ ಒಂದು ಎಂಬ ಅಂಕಿ ಬರೆದಿತ್ತು, ಬಲಗಾಲಿನಲ್ಲಿ ಎರಡು. ಈ ಅಂಕಿಗಳ ಮೇಲೇ ಅವಳು ಬಕೆಟ್ಟಿನ ನೀರು ಸುರಿದಿದ್ದಳು. ಅವನು ಜಗಳವಾಡದೆ ಮತ್ತೆ ಬಗ್ಗಿ ಬರೆದಿದ್ದ. ಅಲ್ಲಿ, ಮೆಣಸಿನಕಾಯಿಯ ಚೀಲದ ಪಕ್ಕದಲ್ಲಿ ಕುಳಿತು ಪಂಪಮ್ಮ ಅತ್ತಳು. ನೀನೂ ಹಂಗಾ ತಿಳ್ಕಂಡ್ಯಾ ಎಂದು ಅವನು ಕೇಳಿದ ಒಂದು ಪ್ರಶ್ನೆಗೆ ಇಲ್ಲ ಎಂಬ ಒಂದು ಮಾತು ಹೇಳಲಾಗದೆ ಹೋಯಿತಲ್ಲ ತನ್ನಿಂದ. ಎಂಟು ದಿನ ಮುಖ ಕೊಡಲಿಲ್ಲ, ಮುಖ ಕೊಡದವಳಿಗೆ ಅವನು ಏನೆಂದು ಹೇಳಬೇಕಿತ್ತು. ತನ್ನ ಮೇಲೆ ತನಗೆ ಬಂದ ಸಿಟ್ಟಿನ ಮುಂದೆ ಉಳಿದವರ ಮೇಲಿನ ಸಿಟ್ಟೆಲ್ಲ ಸಣ್ಣದಾಗಿ ಕಂಡಿತು. ಆದರೂ ಅದನ್ನು ಬಿಡಲು ಅವಳು ಸಿದ್ಧಳಿರಲಿಲ್ಲ.

ಕೆಳಗಿಳಿದು ಬಂದು ನೇರವಾಗಿ ಬಾಗಿಲ ಹತ್ತಿರ ಹೋದಳು.

"ಉಚ್ಚೆಂಗಮ್ಮ, ಆ ಮಾತು ಎಷ್ಟು ಮನಿಗೆ ಹೇಳಿ ಬಂದಿದ್ದಿ?"

"ಅಯ್ಯ, ನಾನೆಲ್ಲಿ ಹೇಳೀನಿ, ಮಂದಿ ಅಂದದ್ದನ್ನ..."

"ಅಷ್ಟೂ ಮನಿಗೆ ಹೋಗಿ ಈಗ ಈ ಮಾತೂ ಹೇಳಿ ಬಾ. ನಮ್ಮ ಯಜಮಾನ್ರು ಮಣ್ಣಾಗೋದ್ರಾಗ ಹೇಳಿ ಬರಬೇಕು. ಆಮ್ಯಾಲೆ ಬಂದು ಅಳುವಂತಿ. ಏಳು."

ಉಚ್ಚೆಂಗಮ್ಮ ಚೆನ್ನಬಸಮ್ಮನ ಮುಖ ನೋಡಿದಳು. ಅಲ್ಲಿ ಆಸರೆ ಸಿಗಲಿಲ್ಲ. ಚಪ್ಪಲಿ ಹುಡುಕುತ್ತ ಎದ್ದು ಹೋದಳು.

*

ರುದ್ರಭೂಮಿಗೆ ಹೊರಟಾಗ ದಾರಿಯುದ್ದಕ್ಕೂ ಹಬ್ಬ. ಹೊಸ ಬಟ್ಟೆ ತೊಟ್ಟ ಮಕ್ಕಳು ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಕುರ್ಚಿಯ ಮೇಲೆ ಕೂತು ಹೊರಟ ಉಜ್ಜಿನಪ್ಪನನ್ನು ಕಂಡು ಪಕ್ಕಕ್ಕೆ ಸರಿದು ನಿಂತರು. ಸಣ್ಣ ಮಕ್ಕಳು ಬರುವುದು ಬೇಡ ಎಂದು ಚೆನ್ನಬಸಮ್ಮ ಹೇಳಿದ್ದಳು. ಪಂಪಮ್ಮ ಕಾವ್ಯಳ ಕೈ ಹಿಡಿದೇ ನಡೆದಳು.

ಗುಣಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ವಿಭೂತಿ ಗಟ್ಟಿಗಳನ್ನು ಇಟ್ಟು, ಕ್ರಿಯೆ ನಡೆಸುತ್ತಿದ್ದ ಅಯ್ಯನೋರು ಬಿಲ್ವಪತ್ರಿ ಹಾಕಲು ಕರೆದರು. ಒಬ್ಬೊಬ್ಬರೇ ಪತ್ರಿ ಹಾಕಿ, ಒಂದು ಹಿಡಿ ಮಣ್ಣು ಹಾಕಿದರು. ಕಾವ್ಯಳ ಸರದಿ ಬಂದಾಗ ಅವಳು ಮೊದಲು ಎರಡೂ ಕೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯಾಕವ್ವ?" ಎಂದು ಹೇಮಾ ಮೆಲ್ಲಗೆ ಕೇಳಿದಳು.

"ನೆಲಕ್ಕ ಕಾಲಿಲೆ ಬಡಿತೀವಲ್ಲ, ಅದಕ್ಕ ಮೊದ್ಲು ತಪ್ಪಾತು ಅನ್ನಬೇಕು. ತಾತ ಹೇಳ್ಯಾನ."

ಎಲ್ಲ ಮುಗಿದು ಕೈ ತೊಳೆಯುವಾಗ ಪಂಪಮ್ಮ ಗಾಯತ್ರಿಯ ಹತ್ತಿರ ಹೋದಳು. ಗಾಯತ್ರಿ ಅಲ್ಲಿಯವರೆಗೂ ಬಂದು ದೂರದಲ್ಲಿ ನಿಂತಿದ್ದಳು.

"ಕ್ಲಾಸು ಎಷ್ಟೊತ್ತಿಗೆ?"

"ಐದಕ್ಕ ಹೊಸ ಮಕ್ಕಳನ್ನ ಕುಂದ್ರಿಸ್ತೀನ್ರಿ. ಆದ್ರ ಇವತ್ತಾ ಬರಬೇಕಂತಿಲ್ಲ ಅಮ್ಮಾ, ಮುಂದಿನ ವಾರ..."

"ಇವತ್ತಾ ಬರ್ತಾಳ."

ಚೆನ್ನಬಸಮ್ಮ ಕೇಳಿಸಿಕೊಂಡಳು. ಅವಳಿಗೂ ತಮ್ಮ ಹೋದ ದುಃಖವಿತ್ತು, ಮಧ್ಯಾಹ್ನದಿಂದ ಅವಳ ದನಿ ಇಳಿದಿತ್ತು. ಆದರೆ ಇದು ಅವಳಿಗೆ ತಡೆಯಲಾಗಲಿಲ್ಲ.

"ಪಂಪಮ್ಮ, ತಲಿ ಕೆಟ್ಟೈತೇನು? ಮಣ್ಣು ಮಾಡಿ ಇನ್ನ ಮನಿ ಮುಟ್ಟಿಲ್ಲ. ಸೂತಕದಾಗ ಕೂಸಿನ್ನ ಕುಣಿಯಾಕ ಕಳಸ್ತೀಯಾ?"

ಪಂಪಮ್ಮ ಅಯ್ಯನೋರ ಕಡೆ ತಿರುಗಿದಳು. "ಅಯ್ಯನೋರ, ಲಿಂಗ ಕಟ್ಟಿದೋರಿಗೆ ಸೂತಕ ಐತೇನ್ರಿ?"

ಅಯ್ಯನೋರು ಕಂಪ್ಲಿಯ ರೈಸ್ ಮಿಲ್ಲಿನವರ ಕಡೆ ಒಮ್ಮೆ ನೋಡಿದರು, ಹೊಸದಾಗಿ ಮುಚ್ಚಿದ ಮಣ್ಣಿನ ಕಡೆ ಒಮ್ಮೆ ನೋಡಿದರು. "ಇಲ್ಲಮ್ಮ. ಸೂತಕ ನಮಗ ಹೇಳಿಲ್ಲ. ಆದ್ರ ರೂಢಿ ಅಂತ ಮಂದಿ..."

"ಇಲ್ಲ ಅಂದ್ರಲ್ಲ, ಸಾಕು," ಎಂದು ಪಂಪಮ್ಮ ನಾದಿನಿಯನ್ನು ನೋಡಿದಳು. "ಅಕ್ಕಾರ, ಜೂನ್ ತಿಂಗಳಾಗ ನೀವು ಬ್ಯಾಡ ಅಂದ್ರಿ. ನಾನೂ ನಿಮ್ಮ ಜೊತಿಗೆ ಬ್ಯಾಡ ಅಂದೆ. ನಾವಿಬ್ರೂ ಹೂಂ ಅಂದಿದ್ರ ಅವ್ರು ಮುಂಬಾಗ್ಲಿಂದ ಹೋಗಿ ಬರ್ತಿದ್ರು. ಮಂದಿ ಕೈಲಿ ನೂಕಿಸ್ಕೊಂತಿದ್ದಿಲ್ಲ."

"ಮಲ್ಲೇಶಿ, ನಿಮ್ಮವ್ವಗ ಹೇಳಪಾ," ಎಂದಳು ಚೆನ್ನಬಸಮ್ಮ.

ಮಲ್ಲೇಶ ಅತ್ತೆಯನ್ನು ನೋಡಿದ, ತಾಯಿಯನ್ನು ನೋಡಿದ. ಕೈಗೆ ಮೆತ್ತಿದ್ದ ಮಣ್ಣನ್ನು ಉಜ್ಜಿಕೊಂಡ. ಕಂಪ್ಲಿಯ ಮಿಲ್ಲು, ತಿಂಗಳ ಸಂಬಳ, ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು.

"ನಾನಾ ಬೈಕಿನ ಮ್ಯಾಲೆ ಬಿಟ್ಟು ಬರ್ತೀನ್ರಿ ಅತ್ತಿ," ಎಂದ.

"ಮಗಳ ಕಾಲಿಗೆ ಮಣ್ಣು ಐತಿ. ಮನಿಗೆ ಹೋಗಿ ಸ್ನಾನ ಮಾಡಿಸಿ ಕೊಡ್ತೀನಿ," ಎಂದಳು ಹೇಮಾ. ಬೆಳಗಿನಿಂದ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು ಅದೇ.

*

ಐದು ಗಂಟೆಗೆ ಗಾಯತ್ರಿ ಹೊಸ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಒಳಗೆ ಬಂದು ಕೂರಿ ಎಂದು ಪಂಪಮ್ಮನನ್ನು ಕರೆದಳು, ಕುರ್ಚಿಯನ್ನೂ ಹಾಕಿಸಿದಳು. ಪಂಪಮ್ಮ ಒಳಗೆ ಹೋಗಲಿಲ್ಲ. ಮಲ್ಲೇಶನನ್ನು ಗೇಟಿನ ಹತ್ತಿರ ನಿಲ್ಲಲು ಹೇಳಿ ಕಟ್ಟಡದ ಪಕ್ಕದಿಂದ ಹಿಂದಿನ ಓಣಿಗೆ ಹೋದಳು.

ಓಣಿಯಲ್ಲಿ ಚರಂಡಿಯ ವಾಸನೆ. ಕಿಟಕಿ ಎತ್ತರದಲ್ಲಿತ್ತು, ಕೆಳಗೆ ಯಾರೋ ಒಂದು ಸೈಜುಗಲ್ಲು ತಂದಿಟ್ಟಿದ್ದರು. ಯಾರೋ ಏನು, ಅವನೇ. ಕಲ್ಲು ಅಲುಗದಂತೆ ಕೆಳಗೆ ಹೆಂಚಿನ ಚೂರು ಕೊಟ್ಟಿದ್ದು ನೋಡಿದರೇ ಗೊತ್ತಾಗುತ್ತಿತ್ತು. ಪಂಪಮ್ಮ ಗೋಡೆ ಹಿಡಿದು ಕಲ್ಲನ್ನು ಹತ್ತಿ ಸರಳು ಹಿಡಿದುಕೊಂಡಳು.

ಸ್ಕೂಟಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳು ನಿಂತಳು. ಹಬ್ಬದ ಸೀರೆ ಉಟ್ಟಿದ್ದಳು.

"ಯಾರ್ರೀ ನೀವು? ಇಲ್ಲಿ ನಿಂತು ಏನ್ ನೋಡಾಕತ್ತೀರಿ? ಒಳಗ ನಮ್ಮ ಮಕ್ಕಳದಾರ."

ಪಂಪಮ್ಮ ತಿರುಗಿ ಅವಳನ್ನು ನೋಡಿದಳು. ಬೈಗುಳಗಳು ನಾಲಿಗೆಯ ತುದಿಗೆ ಬಂದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು.

"ಇದು ನಮ್ಮ ಯಜಮಾನ್ರು ನಿಲ್ಲೋ ಜಾಗ," ಎಂದಳು. "ಇವತ್ತು ಅವ್ರು ಬರಂಗಿಲ್ಲ. ನಾನು ಬಂದೀನಿ. ಯಾರನ್ನ ಕರ್ಕೊಂಡು ಬಂದು ನೂಕಿಸ್ತೀಯೋ ಕರ್ಕೊಂಡು ಬಾ."

ಆ ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಪಂಪಮ್ಮನ ಹಣೆಯ ಮೇಲಿನ ವಿಭೂತಿಯನ್ನೂ ಬರಿದಾದ ಕೊರಳನ್ನೂ ನೋಡಿ ತೆರೆದ ಬಾಯಿ ಮುಚ್ಚಿಕೊಂಡು ಸ್ಕೂಟಿ ತಳ್ಳಿಕೊಂಡು ಹೋದಳು.

ಒಳಗೆ ಕೋಲು ತಟ್ಟುವ ಸದ್ದು ಶುರುವಾಯಿತು. ಗಾಯತ್ರಿಯ ಬೆನ್ನು ಕಾಣುತ್ತಿತ್ತು, ಅದರಾಚೆ ಮಕ್ಕಳ ಸಾಲು. ಕಾವ್ಯ ಕೊನೆಯಲ್ಲಿ ನಿಂತಿದ್ದಳು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಮೊಣಕಾಲು ಬಾಗಿಸಿದಳು. ತಟ್ಟನೆ ಎಡಗಾಲು ಎತ್ತಿದವಳು ಮಿಸ್ ಮುಖ ನೋಡಿ ಹಾಗೆಯೇ ನಿಂತಳು. ಗಾಯತ್ರಿ ಬೈಯಲಿಲ್ಲ, ಕೋಲನ್ನೂ ತಟ್ಟಲಿಲ್ಲ, ಕಾದಳು. ಕಾವ್ಯ ಎಡಗಾಲನ್ನು ಮೆಲ್ಲಗೆ ಕೆಳಗಿಟ್ಟು ಬಲಗಾಲು ಎತ್ತಿದಳು. ಆಗ ಕೋಲು ತಾಳ ತಟ್ಟಿತು.

"ಒಂದು," ಎಂದಳು ಪಂಪಮ್ಮ ಸರಳು ಹಿಡಿದುಕೊಂಡು. ಕಲ್ಲಿನ ಮೇಲೆ ಅವಳ ಎಡಗಾಲು ಎದ್ದಿತ್ತು.